ಪಾತ್ರೆ ಬೇರೆಯಿರಲಿ, ಪಂಕ್ತಿ ಒಂದೇ ಇರಲಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಊರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದೆ. ಮಗಳಿಗೆ ಸೀಲಿಯಾಕ್ ಕಾಯಿಲೆ ಅಂದಿದ್ದಾರೆ, ಗೋಧಿ ಮುಟ್ಟಿಸಬೇಡಿ ಅಂದಿದ್ದಾರೆ. ಮನೆಯಲ್ಲಿ ಚಪಾತಿ, ಉಪ್ಪಿಟ್ಟು, ಬಿಸ್ಕತ್ತು ಎಲ್ಲ ನಿಲ್ಲಿಸಿದ್ದೇವೆ. ಶಾಲೆಯಲ್ಲೂ ಅನ್ನ ಸಾರು ಬಿಟ್ಟರೆ ಬೇರೇನೂ ತಿನ್ನುವುದಿಲ್ಲ. ಆದರೂ ಹೊಟ್ಟೆನೋವು ನಿಂತಿಲ್ಲ, ರಕ್ತಪರೀಕ್ಷೆಯ ಅಂಕಿ ಇಳಿದಿಲ್ಲ. ಎಲ್ಲಿ ಎಡವುತ್ತಿದ್ದೇವೆ? ಕೆಲಸಕ್ಕೆ ಹೋಗುವವರ ಪತ್ರಗಳದ್ದೂ ಇದೇ ಗೋಳು. ಊರು ಬಿಟ್ಟು ಬಂದು ಪಿ.ಜಿ.ಯಲ್ಲಿದ್ದೇನೆ, ಆಫೀಸಿನ ಕ್ಯಾಂಟೀನಿನಲ್ಲಿ ದೋಸೆ, ಪಲಾವು, ಮೊಸರನ್ನ ಮಾತ್ರ ತಿನ್ನುತ್ತೇನೆ, ಆದರೂ ವಾರಕ್ಕೊಮ್ಮೆ ಹೊಟ್ಟೆ ಕೆಡುತ್ತದೆ ಎನ್ನುತ್ತಾರೆ. ಇವರೆಲ್ಲ ತಿನ್ನುವ ಪದಾರ್ಥವನ್ನು ಸರಿಯಾಗಿಯೇ ಆರಿಸಿಕೊಂಡಿದ್ದಾರೆ. ತೊಂದರೆ ಇರುವುದು ಆ ಪದಾರ್ಥ ಒಲೆಯಿಂದ ತಟ್ಟೆಗೆ ಬರುವ ದಾರಿಯಲ್ಲಿ. ಹತ್ತಾರು ಜನಕ್ಕೆ ಒಟ್ಟಿಗೆ ಬೇಯಿಸುವ ಅಡುಗೆಮನೆಯಲ್ಲಿ ಒಂದೇ ಸೌಟು, ಒಂದೇ ಕಾವಲಿ, ಒಂದೇ ಎಣ್ಣೆ ಎಲ್ಲದಕ್ಕೂ ಓಡಾಡುತ್ತವೆ. ಅವುಗಳ ಜೊತೆ ಗೋಧಿಯೂ ಓಡಾಡುತ್ತದೆ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ಗೋಧಿ, ಜವೆಗೋಧಿ, ರೈ ಈ ಮೂರು ಧಾನ್ಯಗಳಲ್ಲಿ ಗ್ಲುಟನ್ ಎಂಬ ಪ್ರೋಟೀನು ಇರುತ್ತದೆ. ಚಪಾತಿ ಹಿಟ್ಟನ್ನು ಕಲಸಿದಾಗ ಬರುವ ಜಿಗುಟು ಅದರದೇ. ಸೀಲಿಯಾಕ್ ಇರುವವರು ಇದನ್ನು ತಿಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುತ್ತದೆ. ಕರುಳಿನ ಒಳಗೋಡೆಯಲ್ಲಿ ಉಂಡದ್ದನ್ನು ಹೀರಿಕೊಳ್ಳುವ, ಬೆರಳಿನಂಥ ಸೂಕ್ಷ್ಮ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಮಕ್ಕಳು ಎತ್ತರ ಬೆಳೆಯುವುದಿಲ್ಲ. ಕಬ್ಬಿಣದ ಮಾತ್ರೆ ನುಂಗಿದರೂ ರಕ್ತಹೀನತೆ ಹೋಗುವುದಿಲ್ಲ, ಮೂಳೆ ಬಲಹೀನವಾಗುತ್ತದೆ. ಇದಕ್ಕೆ ಮಾತ್ರೆ, ಇಂಜೆಕ್ಷನ್ ಇಲ್ಲ. ಜೀವಮಾನವಿಡೀ ಗ್ಲುಟನ್ ಬಿಡುವುದೊಂದೇ ಮದ್ದು. ಈ ಮದ್ದಿನ ಸುಳಿವು ಗಟ್ಟಿಯಾದದ್ದು ನೆದರ್ಲೆಂಡ್ಸ್‌ನಲ್ಲಿ. ಅಲ್ಲಿನ ಮಕ್ಕಳ ವೈದ್ಯ ವಿಲೆಮ್ ಡಿಕೆಗೆ ಗೋಧಿಯ ಮೇಲೆ ಎರಡನೇ ಮಹಾಯುದ್ಧಕ್ಕೆ ಮೊದಲೇ ಅನುಮಾನವಿತ್ತು. 1944-45ರ ಚಳಿಗಾಲದಲ್ಲಿ ಅಲ್ಲಿ ಕ್ಷಾಮ ಬಂದು ಬ್ರೆಡ್ಡೇ ಸಿಗದಂತಾದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ಡು ಮರಳಿ ಬಂದಾಗ ಮತ್ತೆ ಹಾಸಿಗೆ ಹಿಡಿದರು. 1950ರಲ್ಲಿ ಆತ ತನ್ನ ಪ್ರಬಂಧದಲ್ಲಿ ಗೋಧಿಯ ಪಾತ್ರವನ್ನು ದಾಖಲಿಸಿದ.

ಇನ್ನು ಪ್ರಮಾಣದ ಪ್ರಶ್ನೆ. ‘ಒಂಚೂರು ತಾಗಿದರೆ ಏನಾಗುತ್ತೆ?’ ಎಂದು ಕೇಳುವವರು ಬಹಳ. ಇಟಲಿಯ ವೈದ್ಯರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ 50 ಮಿಲಿಗ್ರಾಂ ಗ್ಲುಟನ್ ಮೂರು ತಿಂಗಳು ಹೊಟ್ಟೆಗೆ ಹೋದರೆ ಕರುಳಿನ ಪದರಕ್ಕೆ ಪೆಟ್ಟು ಬೀಳುತ್ತದೆ ಎಂದು ಗೊತ್ತಾಯಿತು. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಬಹುತೇಕರಿಗೆ ತೊಂದರೆಯಾಗದು ಎಂಬುದು ತಜ್ಞರು ಸಾಮಾನ್ಯವಾಗಿ ಒಪ್ಪುವ ಮಾತು. ಇದನ್ನು ನಮ್ಮ ಅಡುಗೆಮನೆಯ ಲೆಕ್ಕಕ್ಕೆ ತರೋಣ. ಸುಮಾರು 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಎರಡೂವರೆ ಗ್ರಾಂ ಆಸುಪಾಸು ಗ್ಲುಟನ್ ಇರುತ್ತದೆ. ಅಂದರೆ ಆ ಚಪಾತಿಯನ್ನು ಇನ್ನೂರೈವತ್ತು ಚೂರು ಮಾಡಿದರೆ ಅದರಲ್ಲಿ ಒಂದು ಚೂರಿಗೇ ದಿನದ ಮಿತಿ ಮುಗಿಯಿತು. ಲಟ್ಟಣಿಗೆಯ ತುದಿಯಲ್ಲಿ ಒಣಗಿ ಅಂಟಿಕೊಂಡ ಹಿಟ್ಟು ಅದಕ್ಕಿಂತ ಹೆಚ್ಚೇ ಇರುತ್ತದೆ. ‘ಗ್ಲುಟನ್ ಫ್ರೀ’ ಎಂದು ಪೊಟ್ಟಣದ ಮೇಲೆ ಬರೆಯಬೇಕಾದರೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟನ್ ಇರಕೂಡದು ಎಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವೂ ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡವೂ ಹೇಳುವುದು ಇದೇ ಕಾರಣಕ್ಕೆ. ಇನ್ನೊಂದು ಮುಖ್ಯ ಸಂಗತಿಯೆಂದರೆ, ತಿಂದ ಕೂಡಲೇ ಎಲ್ಲರಿಗೂ ಹೊಟ್ಟೆ ನೋಯುವುದಿಲ್ಲ. ಹೊರಗೆ ಏನೂ ಕಾಣಿಸದೆ ಒಳಗೆ ಕರುಳು ಸವೆಯುತ್ತಿರಬಹುದು. ‘ಮೊನ್ನೆ ತಿಂದಾಗ ಏನೂ ಆಗಲಿಲ್ಲವಲ್ಲ’ ಎನ್ನುವುದನ್ನು ಸಾಕ್ಷಿಯಾಗಿ ಹಿಡಿಯಬೇಡಿ.

ಇದು ಗೋಧಿ ತಿನ್ನುವ ಉತ್ತರದವರ ಕಾಯಿಲೆ, ಅಕ್ಕಿ, ರಾಗಿ, ಜೋಳದ ನಾಡಿನ ನಮಗೇಕೆ ಎನ್ನುವವರೂ ಇದ್ದಾರೆ. ದೇಶದ ಮೂರು ಭಾಗಗಳಲ್ಲಿ ನಡೆಸಿ 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಈ ಮಾತಿಗೆ ಅರ್ಧ ಬೆಂಬಲ ಕೊಡುತ್ತದೆ. ಉತ್ತರದಲ್ಲಿ ನೂರಕ್ಕೆ 1.23 ಮಂದಿಗೆ ಸೀಲಿಯಾಕ್ ಇದ್ದರೆ ದಕ್ಷಿಣದಲ್ಲಿ ನೂರಕ್ಕೆ 0.10, ಅಂದರೆ ಸಾವಿರಕ್ಕೆ ಒಬ್ಬರು. ಆದರೆ ಈ ಕಾಯಿಲೆಗೆ ದಾರಿ ಮಾಡುವ ಜೀನುಗಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು. ದೊಡ್ಡ ಅಂತರವಿದ್ದದ್ದು ದಿನಕ್ಕೆ ಎಷ್ಟು ಗೋಧಿ ತಿನ್ನುತ್ತಾರೆ ಎನ್ನುವುದರಲ್ಲಿ. ಈಗ ನಮ್ಮ ಊರುಗಳಲ್ಲೂ ರಾತ್ರಿಯೂಟ ಎಂದರೆ ಚಪಾತಿ, ಸಂಜೆಯ ತಿಂಡಿ ಎಂದರೆ ಬೇಕರಿ ಎಂದಾಗಿದೆ. ಸಾವಿರಕ್ಕೆ ಒಬ್ಬರು ಎಂದೇ ಹಿಡಿದರೂ ದೊಡ್ಡದೊಂದು ಶಾಲೆಯಲ್ಲಿ ಒಂದು ಮಗು ಇರಬಹುದು. ವಿರಳ ಎನ್ನುವ ಕಾರಣಕ್ಕೇ ಆ ಒಂದು ಮಗುವಿಗೆ ಕಷ್ಟ ಹೆಚ್ಚು. ಅಡುಗೆಯವರು ಈ ಹೆಸರನ್ನೇ ಕೇಳಿರುವುದಿಲ್ಲ.

ನನ್ನ ಅಕ್ಕನ ಮಗಳಿಗೆ ಈ ಕಾಯಿಲೆ ಇದೆ. ಬೆಂಗಳೂರಿನಲ್ಲಿ ಕೆಲಸ. ಅವಳ ಆಫೀಸಿನ ಕ್ಯಾಂಟೀನಿನ ದೋಸೆ ಕಾವಲಿಯ ಪಕ್ಕ ಒಂದು ಬೆಳಗ್ಗೆ ನಿಂತು ನೋಡಿದ್ದನ್ನು ಹೇಳುತ್ತೇನೆ. ಮಸಾಲೆ ದೋಸೆ ಹುಯ್ಯುವ ಕಾವಲಿಯ ಬಲಗಡೆಗೆ ಒಂದು ಬಕೆಟ್ಟಿನಲ್ಲಿ ರವೆ ದೋಸೆಯ ಸಂಪಣ. ನಾಲ್ಕು ಮಸಾಲೆ, ಎರಡು ರವೆ ಎಂದು ಕೂಗು ಬಂದರೆ ಆರನ್ನೂ ಅದೇ ಕಾವಲಿಯ ಮೇಲೆ ಹುಯ್ಯುತ್ತಾರೆ. ರವೆ ದೋಸೆಯ ಸಂಪಣ ನೀರು ನೀರು. ಎರಚಿದ ಹನಿ ಪಕ್ಕದ ದೋಸೆಯ ಅಂಚಿಗೆ ಸಿಡಿದು ಅಲ್ಲೇ ಬೇಯುತ್ತದೆ. ಎಬ್ಬಿಸಿದ ಮೇಲೆ ಚೊಂಬಿನಿಂದ ನೀರು ಚಿಮುಕಿಸಿ, ಹಿಡಿ ಪೊರಕೆಯಿಂದ ಗುಡಿಸಿ, ಅರ್ಧ ಹೆಚ್ಚಿದ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜುತ್ತಾರೆ. ಕಣ್ಣಿಗೆ ಕಾವಲಿ ಫಳಫಳ. ಆದರೆ ಆ ಪೊರಕೆಯ ಕಡ್ಡಿಗಳ ನಡುವೆ, ಆ ಈರುಳ್ಳಿಯ ಪದರಗಳಲ್ಲಿ, ಕಾವಲಿಯ ಅಂಚಿನಲ್ಲಿ ಕಪ್ಪಗೆ ಕಟ್ಟಿಕೊಂಡ ಪುಡಿಯಲ್ಲಿ ರವೆ ಹಾಗೆಯೇ ಉಳಿದಿರುತ್ತದೆ. ಬಿಸಿಗೆ ಸುಟ್ಟುಹೋಗುತ್ತದೆ ಎಂದುಕೊಳ್ಳಬೇಡಿ. ಒಲೆಯ ಬಿಸಿಗೆ ರೋಗಾಣು ಸಾಯುತ್ತದೆ, ಗ್ಲುಟನ್‌ಗೆ ಏನೂ ಆಗುವುದಿಲ್ಲ. ಅದು ಜೀವವಿರುವ ವಸ್ತುವಲ್ಲ, ಕೊಲ್ಲಲು ಬರುವುದಿಲ್ಲ, ತೊಳೆದು ಕಳೆಯಬೇಕಷ್ಟೆ.

ಖಾನಾವಳಿಗಳಲ್ಲೂ ಕಥೆ ಇದೇ. ಜೋಳದ ರೊಟ್ಟಿ ಎಂದರೆ ನಿಶ್ಚಿಂತೆ ಎಂದು ಕೂತರೆ, ರೊಟ್ಟಿ ಬಡಿಯುವ ಕೈಯೇ ಚಪಾತಿಯನ್ನೂ ಲಟ್ಟಿಸುತ್ತಿರುತ್ತದೆ, ಎರಡೂ ಒಂದೇ ಹಂಚಿನ ಮೇಲೆ ಬೇಯುತ್ತಿರುತ್ತವೆ. ಬಾಣಲೆಯ ಎಣ್ಣೆಯದು ಇನ್ನೂ ದೊಡ್ಡ ಸಮಸ್ಯೆ. ಬೆಳಗ್ಗೆ ಪೂರಿ, ಮಧ್ಯಾಹ್ನ ಹಪ್ಪಳ, ಸಂಜೆ ಗೋಬಿ ಮಂಚೂರಿ, ಎಲ್ಲಕ್ಕೂ ಅದೇ ಎಣ್ಣೆ. ಪೂರಿಗೆ ಹಚ್ಚಿದ ಒಣ ಹಿಟ್ಟು, ಮಂಚೂರಿಯ ಮೈದಾ ಎಣ್ಣೆಯ ತಳದಲ್ಲಿ ಕೂತು ಹಪ್ಪಳಕ್ಕೆ ಅಂಟುತ್ತದೆ. ಅಮೆರಿಕದಲ್ಲಿ ಹೀಗೆ ಗೋಧಿ ಪದಾರ್ಥಗಳ ಜೊತೆ ಹಂಚಿಕೊಂಡ ಎಣ್ಣೆಯಲ್ಲಿ ಕರಿದ ಆಲೂಗಡ್ಡೆಯ 20 ಮಾದರಿಗಳನ್ನು ಪರೀಕ್ಷೆ ಮಾಡಿದಾಗ ಅವುಗಳಲ್ಲಿ ಕಾಲು ಭಾಗ ಕಿಲೋಗೆ 20 ಮಿಲಿಗ್ರಾಮಿನ ಮಿತಿಯನ್ನು ಮೀರಿದ್ದವು. ಆಲೂಗಡ್ಡೆಯಲ್ಲಿ ಎಲ್ಲಿಯ ಗೋಧಿ!

ಕಣ್ಣಿಗೆ ಕಾಣದೆ ಬರುವ ಗೋಧಿ ಇಂಗಿನಲ್ಲಿದೆ. ಪತ್ರ ಬರೆದವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರಲಿಲ್ಲ. ಅಸಲಿ ಇಂಗು ಗಟ್ಟಿಯಾದ, ಘಾಟು ವಿಪರೀತವಾದ ಅಂಟು. ಅದನ್ನು ಹಾಗೇ ಬಳಸಲು ಕಷ್ಟವಾದ್ದರಿಂದ ಗೋಂದು ಮತ್ತು ಹಿಟ್ಟು ಸೇರಿಸಿ ಪುಡಿ ಮಾಡಿ ಡಬ್ಬಿಗೆ ತುಂಬುತ್ತಾರೆ. ಆ ಹಿಟ್ಟು ಬಹಳ ಸಲ ಮೈದಾ ಅಥವಾ ಗೋಧಿಯದು. ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಸಾರು, ಸಾಂಬಾರು, ಮಜ್ಜಿಗೆ, ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ, ಇಂಗಿಲ್ಲದ ಅಡುಗೆ ನಮ್ಮಲ್ಲಿ ಯಾವುದಿದೆ? ಅನ್ನ ಸಾರನ್ನೇ ನಂಬಿ ಕೂತ ಮಗುವಿಗೆ ಗೋಧಿ ದಿನವೂ ಒಗ್ಗರಣೆಯಲ್ಲಿ ಬರುತ್ತಿರಬಹುದು. ಒಂದು ಚಿಟಿಕೆ ಇಂಗು ದೊಡ್ಡ ಹಂಡೆಯಲ್ಲಿ ಹರಡಿಹೋಗುತ್ತದೆ ನಿಜ. ಆದರೆ ಎಷ್ಟು ಬಿತ್ತು, ಯಾರ ತಟ್ಟೆಗೆ ಎಷ್ಟು ಬಂತು ಎಂದು ಅಳೆಯುವವರು ಯಾರು? ಅಕ್ಕಿಹಿಟ್ಟು ಬೆರೆಸಿದ ಇಂಗು, ಗ್ಲುಟನ್ ಇಲ್ಲ ಎಂದು ಮುದ್ರಿಸಿದ ಇಂಗು ಅಂಗಡಿಯಲ್ಲಿ ಸಿಗುತ್ತದೆ. ಶಾಲೆಯ ಅಡುಗೆಮನೆ ಆ ಒಂದು ಡಬ್ಬಿಯನ್ನು ಬದಲಿಸಿದರೆ ಸಾರು ಎಲ್ಲರಿಗೂ ಒಂದೇ ಆಗುತ್ತದೆ, ಯಾರಿಗೂ ಬೇರೆ ಪಾತ್ರೆ ಇಡುವ ಕೆಲಸವಿಲ್ಲ.

ಗಿರಣಿಯ ಸಂಗತಿಯನ್ನೂ ಹೇಳಬೇಕು. ರಾಗಿ, ಜೋಳ, ಅಕ್ಕಿಯನ್ನು ಡಬ್ಬದಲ್ಲಿ ಒಯ್ದು ಹಿಟ್ಟು ಮಾಡಿಸುವ ಅಭ್ಯಾಸ ಇನ್ನೂ ಇದೆ, ಸಂತೋಷ. ಆದರೆ ಸಾಲಿನಲ್ಲಿ ನಿಮ್ಮ ಮುಂದಿನವರು ಗೋಧಿ ಹಾಕಿಸಿದ್ದರೆ ಕಲ್ಲುಗಳ ನಡುವೆ, ಹಿಟ್ಟು ಬೀಳುವ ಬಟ್ಟೆಯ ಚೀಲದಲ್ಲಿ ಉಳಿದ ಅವರ ಗೋಧಿಹಿಟ್ಟೇ ಮೊದಲು ನಿಮ್ಮ ಡಬ್ಬಕ್ಕೆ ಬೀಳುತ್ತದೆ. ರಾಗಿಹಿಟ್ಟಿನ ಡಬ್ಬದ ತಳದಲ್ಲಿ ಬೆಳ್ಳಗಿನ ಒಂದು ಪದರ ಕಂಡವರಿಗೆ ಇದು ಗೊತ್ತು. ಶಾಲೆಗೆ, ಹಾಸ್ಟೆಲಿಗೆ ಮೂಟೆಗಟ್ಟಲೆ ಹಿಟ್ಟು ಬರುವುದೂ ಇಂಥ ಗಿರಣಿಗಳಿಂದಲೇ. ಗೋಧಿಯನ್ನು ಹಾಕದ, ರಾಗಿ ಜೋಳಕ್ಕೇ ಮೀಸಲಾದ ಕಲ್ಲು ಇರುವ ಗಿರಣಿ ಸಿಕ್ಕರೆ ಅದೇ ಒಳ್ಳೆಯದು. ಸಿಗದಿದ್ದರೆ ಮನೆಯ ಮಿಕ್ಸಿಯಲ್ಲೋ ಸಣ್ಣ ಹಿಟ್ಟಿನ ಯಂತ್ರದಲ್ಲೋ ಮಾಡಿಕೊಳ್ಳುವುದು ಕ್ಷೇಮ. ಮಕ್ಕಳ ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳಲ್ಲಿ ಅನೇಕವು ಜವೆಗೋಧಿಯವು ಎನ್ನುವುದೂ ನೆನಪಿರಲಿ. ರಾಗಿ ಮಾಲ್ಟ್ ಆಗಬಹುದು, ಅದು ಬರೀ ರಾಗಿಯದೇ ಎಂದು ಪೊಟ್ಟಣದಲ್ಲಿ ಓದಿಕೊಳ್ಳಬೇಕು. ನಮ್ಮ ದೇಶದಲ್ಲಿ ಲೇಬಲ್ಲಿನ ನಿಯಮದಂತೆ ಗ್ಲುಟನ್ ಇರುವ ಧಾನ್ಯ ಬಳಸಿದ್ದರೆ ಪೊಟ್ಟಣದ ಮೇಲೆ ಅದನ್ನು ತಿಳಿಸಬೇಕು.

ಇಷ್ಟೆಲ್ಲ ಓದಿ ಹೆದರಿ, ಇನ್ನು ಹೊರಗೆ ನೀರೂ ಕುಡಿಯಬಾರದು ಎಂದು ತೀರ್ಮಾನಿಸಬೇಡಿ. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎನ್ನುವುದಕ್ಕೂ ಪರೀಕ್ಷೆಗಳು ನಡೆದಿವೆ. ವಾಷಿಂಗ್ಟನ್‌ನ ಮಕ್ಕಳ ಆಸ್ಪತ್ರೆಯ ತಂಡವೊಂದು 2020ರ ಸುಮಾರಿಗೆ ಇದನ್ನೇ ಅಳೆಯಿತು. ಸಾಮಾನ್ಯ ಬ್ರೆಡ್ಡು ಸುಟ್ಟ ಟೋಸ್ಟರಿನಲ್ಲೇ ಗ್ಲುಟನ್ ಇಲ್ಲದ ಬ್ರೆಡ್ಡು ಸುಟ್ಟಾಗ ಪ್ರಮಾಣ 20ರ ಮಿತಿಯೊಳಗೇ ಇತ್ತು. ಆದರೆ ಗೋಧಿಯ ಪಾಸ್ತಾ ಬೇಯಿಸಿದ ನೀರಿನಲ್ಲೇ ಗ್ಲುಟನ್ ಇಲ್ಲದ ಪಾಸ್ತಾ ಬೇಯಿಸಿದಾಗ ಮಿತಿ ದಾಟಿಹೋಯಿತು. ಇದೊಂದು ಚಿಕ್ಕ ಪ್ರಯೋಗ, ಇದನ್ನು ನಂಬಿ ಟೋಸ್ಟರು ಹಂಚಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಆದರೆ ಅದರಿಂದ ಒಂದು ಸೂತ್ರ ಸಿಗುತ್ತದೆ. ಬೆಂದು ಒಣಗಿದ್ದು ಬೆಂದು ಒಣಗಿದ್ದಕ್ಕೆ ತಾಗಿದರೆ ಅಪಾಯ ಕಡಿಮೆ, ಒದ್ದೆಯಾದದ್ದು ಬೆರೆತರೆ ಹೆಚ್ಚು; ಒಣ ಹಿಟ್ಟಿಗೆ ಮಾತ್ರ ಈ ಸಡಿಲಿಕೆ ಇಲ್ಲ. ಹಾಗಾಗಿ ನಿಮ್ಮ ಜಗಳವನ್ನೆಲ್ಲ ಟೋಸ್ಟರಿನ ಮೇಲೆ ಖರ್ಚು ಮಾಡುವ ಬದಲು ಶಾವಿಗೆ, ನೂಡಲ್ಸ್ ಬೇಯಿಸಿದ ನೀರು, ಕರಿದ ಎಣ್ಣೆ, ಉಪ್ಪಿಟ್ಟಿನಿಂದ ಪಲ್ಯಕ್ಕೆ ಹೋಗುವ ಸೌಟು, ಇವುಗಳ ಮೇಲೆ ಕಣ್ಣಿಡಿ.

ಪಾತ್ರೆಗಳ ವಿಷಯದಲ್ಲೂ ವಿವೇಕ ಬೇಕು. ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕಾಗಿಲ್ಲ. ಸ್ಟೀಲಿನ ತಟ್ಟೆ, ಲೋಟ, ಕುಕ್ಕರು, ಗಾಜಿನ ಬಟ್ಟಲುಗಳನ್ನು ಸೋಪು ಹಾಕಿ ಉಜ್ಜಿ ಹರಿಯುವ ನೀರಿನಲ್ಲಿ ತೊಳೆದರೆ ಸಾಕು. ನಮ್ಮ ಕಡೆಯ ಅಡುಗೆಮನೆಗಳ ಪುಣ್ಯವೆಂದರೆ ಮುಕ್ಕಾಲು ಪಾಲು ಪಾತ್ರೆ ಸ್ಟೀಲಿನದೇ. ತೊಳೆದರೂ ಹಿಟ್ಟು ಸುಲಭವಾಗಿ ಬಿಡದಿರುವ ವಸ್ತುಗಳು ಬೆರಳೆಣಿಕೆಯಷ್ಟು: ಮರದ ಲಟ್ಟಣಿಗೆ ಮತ್ತು ಮಣೆ, ಮರದ ಸೌಟು, ಜರಡಿ, ಕಬ್ಬಿಣದ ಕಾವಲಿ, ಗೀರು ಬಿದ್ದ ನಾನ್‌ಸ್ಟಿಕ್ ತವೆ, ಪಾತ್ರೆ ಉಜ್ಜುವ ಸ್ಪಂಜು. ಇವಿಷ್ಟನ್ನು ಬೇರೆ ಇಟ್ಟುಕೊಂಡು, ಹಿಡಿಕೆಗೆ ಕೆಂಪು ಟೇಪು ಸುತ್ತಿಬಿಟ್ಟರೆ ಓದು ಬಾರದವರಿಗೂ ಗೊತ್ತಾಗುತ್ತದೆ. ಅಡುಗೆಯವರಿಗೆ ಇದನ್ನು ತಿಳಿಸುವುದು ಹೇಗೆ ಎಂದು ಹಲವರು ಕೇಳಿದ್ದೀರಿ. ಪ್ರೋಟೀನು, ಮಿಲಿಗ್ರಾಮಿನ ಮಾತು ಅಲ್ಲಿ ಬೇಡ. ಮುಸುರೆ ಎಂದರೆ ನಮ್ಮ ಅಡುಗೆಯವರಿಗೆ ಗೊತ್ತು. ಅನ್ನಕ್ಕೆ ಹಾಕಿದ ಕೈಯನ್ನು ಉಪ್ಪಿನಕಾಯಿ ಜಾಡಿಗೆ ಹಾಕುವುದಿಲ್ಲ, ಸಾರಿನ ಸೌಟನ್ನು ಹಾಲಿಗೆ ಅದ್ದುವುದಿಲ್ಲ. ಈ ಮಗುವಿನ ಅಡುಗೆಗೆ ಗೋಧಿ ಮುಸುರೆಯಿದ್ದ ಹಾಗೆ, ತಾಗಿದರೆ ತೊಳೆಯಬೇಕು ಎಂದು ಹೇಳಿ ನೋಡಿ. ಉಪನ್ಯಾಸಕ್ಕಿಂತ ಬೇಗ ಅರ್ಥವಾಗುತ್ತದೆ.

ಈಗ ನನ್ನ ಮುಖ್ಯ ಸಲಹೆಗೆ ಬರುತ್ತೇನೆ. ಹಂಚಿಕೊಂಡ ಅಡುಗೆಮನೆಯಲ್ಲಿ ಕಾಸು ಖರ್ಚಿಲ್ಲದ ರಕ್ಷಣೆಯೆಂದರೆ ಮೊದಲ ಸರದಿ. ದಿನದ ಮೊದಲ ಸಂಪಣವನ್ನು, ರವೆ ದೋಸೆಯ ಬಕೆಟ್ಟು ಹೊರಗೆ ಬರುವ ಮುಂಚೆ, ಬೇರೆ ಕಾವಲಿಯ ಮೇಲೆ, ಅದಿಲ್ಲದಿದ್ದರೆ ಚೆನ್ನಾಗಿ ತಿಕ್ಕಿ ತೊಳೆದ ಕಾವಲಿಯ ಮೇಲೆ ಹುಯ್ಯುವುದು. ಎಣ್ಣೆ ಹೊಸದಾಗಿ ಹಾಕಿದಾಗ ಹಪ್ಪಳವನ್ನು ಮೊದಲು ಕರಿದು ಪೂರಿಯನ್ನು ಆಮೇಲೆ ಕರಿಯುವುದು. ಗಂಟೆ ಹೊಡೆದು ಸಾಲು ನುಗ್ಗುವ ಮುಂಚೆ ಆ ಮಗುವಿನ ಅನ್ನ ಸಾರನ್ನು ತೆಗೆದು ಮುಚ್ಚಿಡುವುದು. ಚಪಾತಿ ಲಟ್ಟಿಸುವ ಕೆಲಸವನ್ನು ಎಲ್ಲಕ್ಕಿಂತ ಕೊನೆಗೆ, ಆದಷ್ಟು ದೂರದ ಮೂಲೆಗೆ ಹಾಕುವುದು, ಏಕೆಂದರೆ ಒಣ ಹಿಟ್ಟು ಗಾಳಿಯಲ್ಲಿ ಬಹಳ ಹೊತ್ತು ತೇಲಿ ತೆರೆದ ಪಾತ್ರೆಗಳ ಮೇಲೆ ಕೂರುತ್ತದೆ. ಇದರಲ್ಲಿ ಯಾವುದಕ್ಕೂ ಹೆಚ್ಚಿನ ಸಾಮಾನು ಬೇಡ, ಹೆಚ್ಚಿನ ಆಳು ಬೇಡ. ಕೆಲಸದ ಕ್ರಮ ಬದಲಾದರೆ ಸಾಕು. ನನ್ನ ಅಕ್ಕನ ಮಗಳು ತನ್ನ ಕ್ಯಾಂಟೀನಿನಲ್ಲಿ ಸಾಧಿಸಿಕೊಂಡದ್ದು ಇದನ್ನೇ. ತನ್ನದೇ ಚಿಕ್ಕ ತವೆ, ಮಗುಚುವ ಕೈ ಎರಡನ್ನೂ ತಂದು ಒಂದು ಚೀಲದಲ್ಲಿ ಅಡುಗೆಯವರ ಹತ್ತಿರವೇ ಇಟ್ಟಿದ್ದಾಳೆ. ಬೆಳಗ್ಗೆ ಬೇಗ ಹೋಗಿ, ‘ಅಣ್ಣಾ, ನಂದೊಂದು ಮೊದಲು ಹುಯ್ದುಬಿಡಿ’ ಎನ್ನುತ್ತಾಳೆ. ‘ಕೈ ತೊಳ್ಕೊಂಡು ಬಂದೆ ತಡಿಯಮ್ಮ, ನಿಂದು ಆದ್ಮೇಲೇ ರವೆ ಕಲಸೋದು’ ಎನ್ನುತ್ತಾರೆ ಅವರು. ಕಾಯಿಲೆಯ ಹೆಸರು ಅವರಿಗೆ ಇವತ್ತಿಗೂ ಬಾಯಿಗೆ ಬರುವುದಿಲ್ಲ. ಮಾಡಬೇಕಾದ್ದು ಮಾತ್ರ ಕರಾರುವಾಕ್ಕಾಗಿ ಗೊತ್ತು.

ಆಫೀಸಿನ ಪ್ಯಾಂಟ್ರಿ, ಪಿ.ಜಿ.ಯ ಅಡುಗೆಮನೆಗಳಲ್ಲಿ ಇನ್ನೊಂದೆರಡು ಎಚ್ಚರ ಸಾಕು. ಎಲ್ಲರೂ ಬ್ರೆಡ್ಡಿಗೆ ಸವರಿದ ಚಾಕುವನ್ನೇ ಅದ್ದುವ ಬೆಣ್ಣೆ, ಜಾಮು, ತುಪ್ಪದ ಡಬ್ಬಿಗಳನ್ನು ಬಿಟ್ಟು ನಿಮ್ಮದೇ ಪುಟ್ಟ ಡಬ್ಬಿ ಇಟ್ಟುಕೊಳ್ಳಿ. ಫ್ರಿಜ್ಜಿನಲ್ಲಿ, ಕಪಾಟಿನಲ್ಲಿ ನಿಮ್ಮ ಜಾಗ ಮೇಲಿನ ಅರೆಯಲ್ಲಿರಲಿ. ಮೇಲಿನಿಂದ ಪುಡಿ ಉದುರಿದರೆ ಕೆಳಗಿನದಕ್ಕೆ ಬೀಳುತ್ತದೆ, ಕೆಳಗಿನದು ಮೇಲಕ್ಕೆ ಹಾರುವುದಿಲ್ಲ. ಮೈಕ್ರೋವೇವಿನಲ್ಲಿ ಬುತ್ತಿ ಬಿಸಿ ಮಾಡುವಾಗ ಮುಚ್ಚಳವಿರಲಿ. ಮೇಜು ಒರೆಸುವ ಬಟ್ಟೆಯನ್ನು ನಂಬಬೇಡಿ. ಅದು ಎಲ್ಲರ ಬಿಸ್ಕತ್ತಿನ ಪುಡಿಯನ್ನು ಸಮನಾಗಿ ಹಂಚುತ್ತದೆ, ನಿಮ್ಮ ತಟ್ಟೆಯ ಕೆಳಗೆ ಒಂದು ಕಾಗದ ಹಾಸಿಕೊಳ್ಳಿ. ಸ್ಯಾನಿಟೈಸರು ಹಚ್ಚಿಕೊಂಡರೆ ಕೈ ಶುದ್ಧ ಎಂದುಕೊಂಡಿದ್ದರೆ ಅದೂ ಇಲ್ಲಿ ಕೆಲಸಕ್ಕೆ ಬಾರದು. ರೋಗಾಣು ಸಾಯಿಸುವ ದ್ರಾವಣ ಹಿಟ್ಟನ್ನು ಅಲ್ಲೇ ಬಿಡುತ್ತದೆ. ಸೋಪು ಮತ್ತು ನೀರು ಬೇಕು. ಅದೇ ವಾಷಿಂಗ್ಟನ್ ತಂಡ ಶಾಲಾ ಮಕ್ಕಳ ಕೈಗಳನ್ನೂ ಪರೀಕ್ಷಿಸಿತ್ತು. ಆಟದ ಜೇಡಿಯಿಂದ ಕೈಗೆ ಅಂಟಿದ ಗ್ಲುಟನ್ ಅತ್ಯಲ್ಪ, ಆದರೆ ಹಿಟ್ಟು ಕಲಸಿದ, ಹಿಟ್ಟಿನ ಅಂಟಿನಿಂದ ಕಾಗದದ ಗೊಂಬೆ ಮಾಡಿದ ಕೈಗಳಲ್ಲಿ ಬಹಳ ಇತ್ತು. ಅದನ್ನು ಕಳೆಯಲು ಎಲ್ಲಕ್ಕಿಂತ ಚೆನ್ನಾಗಿ ನೆರವಾದದ್ದು ಸೋಪು ನೀರೇ. ನಮ್ಮ ಶಾಲೆಗಳಲ್ಲೂ ಮೈದಾ ಅಂಟು ಮಾಡಿ ಕಾಗದ ಅಂಟಿಸುವ ಅಭ್ಯಾಸವಿದೆ. ಆ ದಿನ ಅಕ್ಕಿಹಿಟ್ಟಿನ ಅಂಟು ಮಾಡಿಸಿ ಎಂದು ಮೇಷ್ಟ್ರಿಗೆ ಹೇಳುವುದು ದೊಡ್ಡ ಕೋರಿಕೆಯೇನಲ್ಲ.

ಇಲ್ಲಿಗೆ ನಿಲ್ಲಿಸಿದರೆ ನನ್ನ ಮಾತು ಅರ್ಧವೇ ಆಗುತ್ತದೆ. ಶಾಲೆಯಲ್ಲಿ ಬೇರೆ ತಟ್ಟೆ, ಬೇರೆ ಸೌಟು ಎಂದ ಕೂಡಲೇ ನಮ್ಮ ನಾಡಿನಲ್ಲಿ ಆ ಮಾತಿಗೆ ಬೇರೆಯದೇ ಭಾರವಿದೆ. ಹೋಟೆಲಿನ ಹೊರಗೆ ಬೇರೆ ಲೋಟ ಇಡುತ್ತಿದ್ದುದು, ಊಟಕ್ಕೆ ಬೇರೆ ಪಂಕ್ತಿ ಹಾಕುತ್ತಿದ್ದುದು ಯಾವ ಕಾಲದ್ದೋ ಕಥೆಯಲ್ಲ. ಬಿಸಿಯೂಟದ ಅಡುಗೆ ಯಾರು ಮಾಡಬೇಕು, ಯಾರ ಪಕ್ಕ ಯಾರು ಕೂರಬೇಕು ಎಂಬ ತಕರಾರುಗಳನ್ನು ನಾವು ಪತ್ರಿಕೆಗಳಲ್ಲಿ ಈಗಲೂ ಓದುತ್ತಿದ್ದೇವೆ. ಒಂದು ಮಗುವಿಗೆ ಬೇರೆ ತಟ್ಟೆ ಕೊಟ್ಟು, ಕಾರಣ ಹೇಳದೆ ಮೂಲೆಯಲ್ಲಿ ಕೂರಿಸಿದರೆ ಉಳಿದ ಮಕ್ಕಳು ಅದನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ? ಆ ಮಗು ತನ್ನನ್ನು ಹೇಗೆ ನೋಡಿಕೊಳ್ಳುತ್ತದೆ? ತಾಯಿಯೊಬ್ಬರು ನನ್ನ ಜೊತೆ ಮಾತಾಡುತ್ತ, ಮಗ ಶಾಲೆಯಲ್ಲಿ ಬುತ್ತಿ ತೆರೆಯದೆ ಹಾಗೇ ವಾಪಸು ತರುತ್ತಾನೆ, ಕೇಳಿದರೆ ಹಸಿವಿರಲಿಲ್ಲ ಅನ್ನುತ್ತಾನೆ ಎಂದು ಹೇಳಿದರು. ಅವನಿಗೆ ಹಸಿವಿತ್ತು. ಒಬ್ಬನೇ ಕೂತು ಉಣ್ಣುವುದು ಬೇಡವಾಗಿತ್ತು. ಹೀಗೆ ನಾಚಿಕೆಯಿಂದ ಉಪವಾಸವಿರುವ, ಅಥವಾ ಗೆಳೆಯರ ಡಬ್ಬಿಯಿಂದ ಕದ್ದು ಬಿಸ್ಕತ್ತು ತಿನ್ನುವ ಮಗುವಿಗೆ ಎಷ್ಟು ಕೆಂಪು ಟೇಪು ಸುತ್ತಿದ ಸೌಟು ಇಟ್ಟರೂ ಉಪಯೋಗವಿಲ್ಲ.

ಹಾಗಾಗಿ ನನ್ನ ನಿಲುವು ಸ್ಪಷ್ಟ. ಬೇರೆ ಮಾಡಬೇಕಾದ್ದು ಪಾತ್ರೆಯನ್ನು, ಮನುಷ್ಯನನ್ನಲ್ಲ. ಅಡುಗೆಮನೆಯ ಒಳಗೆ ಏನು ಬೇರೆಯಾಗಬೇಕೋ ಅದು ಅಲ್ಲೇ ಆಗಲಿ. ಬಡಿಸುವ ಜಾಗದಲ್ಲಿ ಆ ಮಗು ಎಲ್ಲರ ಸಾಲಿನಲ್ಲಿ, ಎಲ್ಲರಂಥದೇ ತಟ್ಟೆಯಲ್ಲಿ, ಸಾಧ್ಯವಾದಷ್ಟೂ ಎಲ್ಲರದೇ ಊಟವನ್ನು ಉಣ್ಣಲಿ. ನಮ್ಮಲ್ಲಿ ಇದು ಸುಲಭ, ಏಕೆಂದರೆ ಇಂಗೊಂದನ್ನು ನೋಡಿಕೊಂಡರೆ ಅನ್ನ, ಸಾಂಬಾರು, ಪಲ್ಯ, ಮೊಸರು ಹುಟ್ಟಿನಿಂದಲೇ ಗ್ಲುಟನ್ ಇಲ್ಲದವು. ವಾರದಲ್ಲಿ ಒಂದು ದಿನ ಉಪ್ಪಿಟ್ಟಿದ್ದರೆ ಅದನ್ನು ಅಕ್ಕಿ ರವೆಯಲ್ಲಿ ಎಲ್ಲರಿಗೂ ಮಾಡಬಹುದು. ಶಾವಿಗೆ ಪಾಯಸದ ಬದಲು ಹೆಸರುಬೇಳೆ ಪಾಯಸ ಮಾಡಿದರೆ ಯಾವ ಮಗುವೂ ದೂರು ಹೇಳುವುದಿಲ್ಲ. ಹುಟ್ಟುಹಬ್ಬಕ್ಕೆ ಕೇಕಿನ ಜೊತೆಗೆ ಕಡಲೆಮಿಠಾಯಿಯನ್ನೂ ಹಂಚಲಿ. ತರಗತಿಯಲ್ಲಿ ಮೇಷ್ಟ್ರು ಒಮ್ಮೆ ಎಲ್ಲ ಮಕ್ಕಳಿಗೂ ವಿಷಯ ತಿಳಿಸಿ ಹೇಳಲಿ: ಇವಳ ಹೊಟ್ಟೆಗೆ ಗೋಧಿ ಆಗುವುದಿಲ್ಲ, ಇದು ಅಂಟುವ ಕಾಯಿಲೆಯಲ್ಲ, ಇವಳ ಪಕ್ಕ ಕೂತು ಉಣ್ಣಿ, ಆದರೆ ನಿಮ್ಮ ಚಮಚವನ್ನು ಇವಳ ಡಬ್ಬಿಗೆ ಹಾಕಬೇಡಿ. ಮಕ್ಕಳಿಗೆ ಕಾರಣ ಗೊತ್ತಾದರೆ ಅವರೇ ಕಾವಲು ಕಾಯುತ್ತಾರೆ.

ಇದನ್ನು ತಂದೆತಾಯಿಯ ಗೋಗರೆತಕ್ಕೆ, ಅಡುಗೆಯವರ ಒಳ್ಳೆಯತನಕ್ಕೆ ಬಿಟ್ಟರೆ ಸಾಲದು. ಪಾಸ್ತಾ, ಬ್ರೆಡ್ಡಿನ ದೇಶವಾದ ಇಟಲಿ 2005ರಲ್ಲೇ ಕಾನೂನು ಮಾಡಿ ಶಾಲೆ, ಆಸ್ಪತ್ರೆ ಮತ್ತು ಸರ್ಕಾರಿ ಕ್ಯಾಂಟೀನುಗಳಲ್ಲಿ ಕೇಳಿದವರಿಗೆ ಗ್ಲುಟನ್ ಇಲ್ಲದ ಊಟ ಕೊಡಲೇಬೇಕೆಂದಿತು. ಅಮೆರಿಕದಲ್ಲಿ ನೆಲೆಸಿದ ನಮ್ಮವರ ಮಕ್ಕಳಿಗೆ ಈ ಕಾಯಿಲೆ ಇದ್ದರೆ, 1973ರ ಕಾಯ್ದೆಯೊಂದರ 504ನೇ ಸೆಕ್ಷನ್ ಅಡಿಯಲ್ಲಿ ಶಾಲೆಯ ಜೊತೆ ಲಿಖಿತ ಯೋಜನೆ ಮಾಡಿಕೊಳ್ಳಬಹುದು. ಊಟದಿಂದ ಹಿಡಿದು ಪ್ರವಾಸದ ತನಕ ಯಾರು ಏನು ನೋಡಿಕೊಳ್ಳಬೇಕು ಎಂಬುದನ್ನು ಅದರಲ್ಲಿ ಬರೆದುಕೊಳ್ಳಬಹುದು. ಗೋಧಿಯೇ ಊಟವಾದ ದೇಶಗಳಿಗೆ ಆಗುವುದಾದರೆ ಅಕ್ಕಿ, ರಾಗಿ, ಜೋಳದ ನಮಗೆ ಏಕಾಗಬಾರದು? ನಮ್ಮಲ್ಲೂ ಬಿಸಿಯೂಟದ ಅಡುಗೆಯವರಿಗೆ ತರಬೇತಿ ಕೊಡುವಾಗ ಅರ್ಧ ಗಂಟೆ ಇದಕ್ಕೆ ಮೀಸಲಿಡಬಹುದು. ಹಾಸ್ಟೆಲು, ಕಂಪನಿಗಳು ಕ್ಯಾಂಟೀನಿನ ಗುತ್ತಿಗೆ ಬರೆಯುವಾಗ ಒಂದು ಸಾಲು ಸೇರಿಸಬಹುದು.

ತೂಕ ಇಳಿಸಲೆಂದು ಗೋಧಿ ಬಿಟ್ಟವರಿಗೂ ಒಂದು ವಿನಂತಿ. ಬಿಡುವುದು ನಿಮ್ಮ ಇಷ್ಟ. ಆದರೆ ಕ್ಯಾಂಟೀನಿನಲ್ಲಿ ‘ನನಗೆ ಗ್ಲುಟನ್ ಆಗುವುದೇ ಇಲ್ಲ’ ಎಂದು ಹೇಳಿ, ಆಮೇಲೆ ‘ಇವತ್ತೊಂದಿನ ಪರವಾಗಿಲ್ಲ’ ಎಂದು ಕೇಕು ತಿಂದರೆ, ಅಡುಗೆಯವರು ಎಲ್ಲರಿಗೂ ಹಾಗೇ ಇರಬೇಕು ಅಂದುಕೊಳ್ಳುತ್ತಾರೆ. ನಾಳೆ ನಿಜವಾದ ರೋಗಿ ಬಂದಾಗ ಅವರ ಕೈ ಸಡಿಲವಾಗುತ್ತದೆ. ಹಾಗೆಯೇ ಅನುಮಾನವಿರುವವರು ಪರೀಕ್ಷೆಗೆ ಮುಂಚೆಯೇ ಗೋಧಿ ಬಿಡಬೇಡಿ. ಬಿಟ್ಟ ಮೇಲೆ ರಕ್ತಪರೀಕ್ಷೆಯಲ್ಲೂ ಕರುಳಿನ ಬಯಾಪ್ಸಿಯಲ್ಲೂ ಕಾಯಿಲೆ ಕಾಣದೇ ಹೋಗಬಹುದು.

ಪತ್ರ ಬರೆದ ತಂದೆತಾಯಿಗಳಿಗೆ ಕೊನೆಯದಾಗಿ ಇಷ್ಟು. ಮುಂದಿನ ಸೋಮವಾರ ಶಾಲೆಗೆ ಹೋದಾಗ ಹೆಡ್‌ಮಾಸ್ಟರ ಕೋಣೆಗೆ ಹೋಗುವ ಮುಂಚೆ ಅಡುಗೆಮನೆಗೆ ಹೋಗಿ. ಬೇಯಿಸುವ ಅಕ್ಕನನ್ನು ಮಾತಾಡಿಸಿ, ಅವರ ಕೆಲಸದ ಕ್ರಮ ಹೇಗಿದೆ ಎಂದು ನಿಂತು ನೋಡಿ. ಆಮೇಲೆ ಮೂರೇ ಕೋರಿಕೆ ಮುಂದಿಡಿ: ಇಂಗಿನ ಡಬ್ಬಿ ಬದಲಾಗಲಿ, ಮಗುವಿನ ಪಾಲು ಮೊದಲು ತೆಗೆದಿಡಲಿ, ಮಗು ಎಲ್ಲರ ಜೊತೆಯಲ್ಲೇ ಕೂರಲಿ. ಡಾಕ್ಟರ ಚೀಟಿಯ ಜೊತೆ ಇದನ್ನು ಬರವಣಿಗೆಯಲ್ಲೂ ಹೆಡ್‌ಮಾಸ್ಟರಿಗೆ ಕೊಡಿ. ಇಲ್ಲ ಎನ್ನಲು ಯಾವ ಶಾಲೆಗೂ ಕಾರಣವಿಲ್ಲ. ಯಾವ ಶಾಲೆಯಾದರೂ ಇಲ್ಲ ಎಂದರೆ ನನಗೆ ಬರೆಯಿರಿ, ಆ ಕಾರಣವನ್ನು ಇದೇ ಅಂಕಣದಲ್ಲಿ ಚರ್ಚೆ ಮಾಡೋಣ.